ಹೊಳಪು ಯಾರ ಕಣ್ಣಿಗೆ?

 

*ಇಂದಿನ ಚಿಂತನೆ: ನಾಲ್ಕನೆಯ ಶೀಲ*

ಕಳೆದ ವಾರದ ಓದಿನಲ್ಲಿ ಮುಸಾವಾದದ ಮಾತು ನಡೆದಿತ್ತು. ಸುಳ್ಳಿನಿಂದ ದೂರ ಇರುವುದು ಎಂದರೆ ಏನೇನು ಎಂದು ಒಬ್ಬೊಬ್ಬರೂ ಒಂದೊಂದು ಉದಾಹರಣೆ ಕೊಡುತ್ತಿದ್ದರು. ಕೊನೆಗೆ ಬಳಗದ ಹಿರಿಯರೊಬ್ಬರು ಕೇಳಿದರು: "ಹಳೇ ಕಾರಿಗೆ ಪಾಲಿಶ್ ಹೊಡದು ಹೊಸದರಂಗ ಮಾಡಿ ಮಾರಿದರ ಅದು ಸುಳ್ಳು ಆಗತದೇನ್ರಿ? ಬಾಯಿಲೆ ಏನೂ ಹೇಳಿರೂದಿಲ್ಲಲ್ಲ?" ಎಲ್ಲರೂ ನಕ್ಕೆವು. ಹೊತ್ತಾಗಿತ್ತು, ಉತ್ತರ ಉಳಿದುಹೋಯಿತು. ನಾನು ಆಗಷ್ಟೇ ಕಾರು ಮಾರಿದ್ದೆ. ಹಾಗಾಗಿ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಇಂದು ಅದನ್ನೇ ಎಲ್ಲರೂ ಕೂಡಿ ನೋಡೋಣ.

ಮೊದಲು ಕಾರಿನ ಬಣ್ಣ ಯಾಕೆ ಮಂಕಾಗುತ್ತದೆ ಎಂಬುದು ಗೊತ್ತಿರಬೇಕು. ಈಗಿನ ಕಾರುಗಳ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತವೆ. ಇಷ್ಟೂ ಪದರ ಕೂಡಿದರೆ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಕ್ಲಿಯರ್ ಕೋಟ್ ಒಂದೇ ಹಿಡಿದರೆ 35ರಿಂದ 50 ಮೈಕ್ರಾನ್, ನಮ್ಮ ತಲೆಗೂದಲಿಗಿಂತಲೂ ತೆಳು. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆದು ಕೆಳಗಿನ ಬಣ್ಣವನ್ನು ಕಾಯುವುದು ಈ ಪದರವೇ. ನಾವು ಹೊಳಪು ಎನ್ನುವುದೂ ಇದರ ನುಣುಪನ್ನೇ.

ಇದು ಹಾಳಾಗುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಬೆಳಿಗ್ಗೆ ಎದ್ದು ಒಣ ಬಟ್ಟೆಯಿಂದ ಧೂಳು ಒರೆಸುವುದು ನಮ್ಮ ಕಡೆ ಎಲ್ಲರ ರೂಢಿ. ಆ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಬಟ್ಟೆ ಅವನ್ನು ಹಿಡಿದುಕೊಂಡು ಬಣ್ಣದ ಮೇಲೆ ಎಳೆಯುತ್ತದೆ. ಒಂದೊಂದು ಗೀರೂ ಕಣ್ಣಿಗೆ ಕಾಣದಷ್ಟು ಸಣ್ಣದು. ಮೂರ್ನಾಲ್ಕು ವರ್ಷ ಹೀಗೆ ನಡೆದ ಮೇಲೆ ಬಿಸಿಲಿನಲ್ಲಿ ಬಾನೆಟ್ ನೋಡಿದರೆ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರಬಲೆಯಂತೆ ಸಾವಿರ ಗೀರು ಕಾಣುತ್ತವೆ. ಇದರ ಜೊತೆಗೆ ಹಕ್ಕಿಯ ಹಿಕ್ಕೆ, ಗಿಡದ ಅಂಟು, ಬಿಸಿಲಲ್ಲಿ ತೊಳೆದು ಹಾಗೆಯೇ ಆರಲು ಬಿಟ್ಟ ಬೋರ್‌ವೆಲ್ ನೀರಿನ ಬಿಳಿ ಕಲೆ. ಸ್ವಚ್ಛ ಮಾಡುತ್ತಿದ್ದೇವೆ ಎಂದುಕೊಂಡೇ ಮಂಕು ತರುತ್ತೇವೆ.

ಇದನ್ನು ಮನೆಯಲ್ಲೇ ಬಹುಮಟ್ಟಿಗೆ ಸರಿಪಡಿಸಬಹುದು. ನಾನು ಎರಡು ಐತವಾರ ಮನೆಯ ಮುಂದಿನ ತಗಡಿನ ಚಪ್ಪರದ ನೆರಳಲ್ಲಿ ಮಾಡಿದ ಕ್ರಮ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಎರಡು ಬಕೆಟ್ ಬೇಕು: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಹಿಂಡಿ ಜಾಲಿಸಲು ಬರೀ ನೀರು. ಮೊದಲು ನೀರು ಹರಿಸಿ ಧೂಳು ಇಳಿಸಿ, ಆಮೇಲೆ ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಬೋರ್ ನೀರಿನ ಕಲೆಗೆ ಸಮಪ್ರಮಾಣ ನೀರು ಬೆರೆಸಿದ ಬಿಳಿ ವಿನೆಗರ್ ಹಚ್ಚಿ, ಒಂದು ನಿಮಿಷ ಬಿಟ್ಟು ತೊಳೆದರೆ ಹೊಸ ಕಲೆಗಳು ಬಿಡುತ್ತವೆ. ತೊಳೆದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಣ್ಣದ ಮೇಲೆ ಸವರಿ ನೋಡಿ. ಕಣ್ಣಿಗೆ ನುಣುಪಾಗಿ ಕಂಡದ್ದು ಬೆರಳಿಗೆ ಉಸುಕಿನಂತೆ ತರಿತರಿ ಎನಿಸುತ್ತದೆ. ಅಂಟಿ ಕುಳಿತ ಆ ಕಣಗಳನ್ನು ಕ್ಲೇ ಬಾರ್ ಎಂಬ ಜೇಡಿಯಂಥ ಉಂಡೆಯನ್ನು ಶಾಂಪೂ ನೀರಿನ ಮೇಲೆ ಮೆಲ್ಲಗೆ ಜಾರಿಸುತ್ತ ಎತ್ತಬೇಕು. ಅದು ನೆಲಕ್ಕೆ ಬಿದ್ದರೆ ಮತ್ತೆ ಬಳಸಬಾರದು; ಅದಕ್ಕೆ ಹತ್ತಿದ ಮಣ್ಣೇ ಹೊಸ ಗೀರು ಎಳೆಯುತ್ತದೆ.

ಆಮೇಲೆ ಉಗುರಿನ ಪರೀಕ್ಷೆ. ಗೀರಿನ ಮೇಲೆ ಉಗುರು ಅಡ್ಡ ಎಳೆದಾಗ ತಡೆದರೆ ಆ ಗೀರು ಆಳವಾದದ್ದು, ಪಾಲಿಶಿನಿಂದ ಪೂರ್ತಿ ಹೋಗದು. ತಡೆಯದಿದ್ದರೆ ಪ್ರಯತ್ನಿಸಬಹುದು. ಎರಡು ಅಡಿ ಚೌಕದ ಒಂದು ಜಾಗ ಆರಿಸಿಕೊಂಡು ಎಲ್ಲಕ್ಕಿಂತ ಸೌಮ್ಯವಾದ ಪಾಲಿಶ್ ಮೊದಲು ಹಾಕಿ ನೋಡಬೇಕು. ಅದು ಸಾಲದಿದ್ದರೆ ಮಾತ್ರ ಒರಟಾದ ರಬ್ಬಿಂಗ್ ಕಾಂಪೌಂಡ್. ಮೂಲೆ ಅಂಚುಗಳಲ್ಲಿ ಪದರ ಬೇಗ ಸವೆಯುವುದರಿಂದ ಅಲ್ಲಿ ಕೈ ಹಗುರ ಇರಬೇಕು. ಕೊನೆಗೆ ವ್ಯಾಕ್ಸ್. ಹಳೆಯ ಮಾದರಿಯ ಒಂದೇ ಪದರದ ಬಣ್ಣವಾಗಿದ್ದರೆ ತಿಕ್ಕುವ ಬಿಳಿ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತದೆ. ಕ್ಲಿಯರ್ ಕೋಟ್ ಇದ್ದರೆ ಹತ್ತುವುದಿಲ್ಲ.

ಈ ಕೆಲಸ ಮಾಡುವಾಗ ತಿಳಿದುಕೊಳ್ಳಬೇಕಾದ ಮುಖ್ಯ ಸಂಗತಿ ಒಂದಿದೆ. ಪಾಲಿಶ್ ಎಂದರೆ ಏನನ್ನೋ ಹಚ್ಚುವುದು ಎಂದು ನಾವು ತಿಳಿಯುತ್ತೇವೆ. ನಿಜಕ್ಕೂ ಅದು ತೆಗೆಯುವ ಕೆಲಸ. ಗೀರಿನ ಅಕ್ಕಪಕ್ಕದ ಪದರವನ್ನು ಗೀರಿನ ತಳದ ಮಟ್ಟಕ್ಕೆ ಸವೆಸುತ್ತೇವೆ, ಅಷ್ಟೇ. ಪ್ರತಿ ಸಲ ಕೆಲವು ಮೈಕ್ರಾನ್ ಹೋಗುತ್ತದೆ, ಮರಳಿ ಬೆಳೆಯುವುದಿಲ್ಲ. ಹೊಳಪು ಹೆಚ್ಚಿದಷ್ಟೂ ಕಾವಲು ತೆಳುವಾಗುತ್ತದೆ. ಕಾರಿನ ಸೌಂದರ್ಯಕ್ಕೆ ಅದರ ಆಯುಷ್ಯದಿಂದಲೇ ಕಡ ತರುತ್ತೇವೆ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಹಳೆಯ ಕಾರು ಹೊಳೆಯುವಂತೆ ಮಾಡಲು ಮೂರು ದಾರಿಗಳಿವೆ. ಮೊದಲನೆಯದು ತೆಗೆಯುವುದು: ಈಗ ಹೇಳಿದಂತೆ ಕೊಳೆ ತೆಗೆದು, ಗೀರು ಸವೆಸುವುದು. ಎರಡನೆಯದು ತುಂಬುವುದು: ಗೀರಿನೊಳಗೆ ಎಣ್ಣೆ, ಮೇಣ ತುಂಬಿ ಕಾಣದಂತೆ ಮಾಡುವುದು. ನಮ್ಮಲ್ಲಿ ಕೆಲವರು ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಒರೆಸುತ್ತಾರೆ. ಸಂಜೆಯವರೆಗೆ ಮಿರಿಮಿರಿ ಮಿಂಚುತ್ತದೆ, ಮರುದಿನ ಊರ ಧೂಳೆಲ್ಲ ಅಲ್ಲೇ ಕೂತಿರುತ್ತದೆ. ಅಂಗಡಿಯಲ್ಲಿ ಸಿಗುವ, ಗೀರು ತುಂಬುವ ಪಾಲಿಶುಗಳು ಇನ್ನು ಕೆಲವು ತೊಳೆತ ತಾಳುತ್ತವೆ, ಅಷ್ಟೇ. ಮೂರನೆಯದು ಮುಚ್ಚುವುದು: ನೆಗ್ಗಿದ ಜಾಗಕ್ಕೆ ಪುಟ್ಟಿ ತುಂಬಿ, ತಿಕ್ಕಿ ನುಣುಪು ಮಾಡಿ, ಮೇಲೆ ಬಣ್ಣ ಹೊಡೆಯುವುದು. ಪುಟ್ಟಿ ತಪ್ಪು ವಸ್ತುವಲ್ಲ, ದುರಸ್ತಿಯಲ್ಲಿ ಅದಕ್ಕೊಂದು ಜಾಗ ಇದೆ. ಆದರೆ ತುಕ್ಕು ಪೂರ್ತಿ ಕೆರೆಯದೆ ಅದರ ಮೇಲೆ ಬಳಿದರೆ ಒಂದೆರಡು ಮಳೆಗಾಲದೊಳಗೆ ಬಣ್ಣ ಗುಳ್ಳೆ ಎದ್ದು ಒಳಗಿನದನ್ನು ಹೇಳಿಬಿಡುತ್ತದೆ.

ಮಜ್ಝಿಮ ನಿಕಾಯದ ಏಳನೆಯ ಸುತ್ತ, ವತ್ಥೂಪಮ ಸುತ್ತ, ಇಲ್ಲಿ ನೆನಪಾಗುತ್ತದೆ. ಕೊಳೆಯಾದ ಬಟ್ಟೆಯನ್ನು ಬಣ್ಣಗಾರ ಯಾವ ಬಣ್ಣದಲ್ಲಿ ಅದ್ದಿದರೂ ಬಣ್ಣ ಚೆನ್ನಾಗಿ ಹತ್ತುವುದಿಲ್ಲ, ಸ್ವಚ್ಛ ಬಟ್ಟೆಗೆ ಹತ್ತುತ್ತದೆ ಎಂಬ ಹೋಲಿಕೆ ಅಲ್ಲಿ ಬರುತ್ತದೆ. ಈ ಮಾತನ್ನು ಗರಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಕ್ಷೇತ್ರೀಯ ಸೇವಾ ಸಂಘ 1954ರಲ್ಲಿ ಆರಂಭವಾಯಿತು. ರಾಷ್ಟ್ರಧ್ವಜದ ಖಾದಿಯನ್ನು ನೂತು ನೇಯ್ದ ಊರು ನಮ್ಮದು. ನೇಯ್ದ ಬಟ್ಟೆಯನ್ನು ಮೊದಲು ಬಿಳುಪು ಮಾಡುತ್ತಾರೆ, ಆಮೇಲೆ ಬಣ್ಣ. ಆ ಬಣ್ಣ ಗಟ್ಟಿಯಾಗಿ ನಿಲ್ಲುತ್ತದೋ ಇಲ್ಲವೋ ಎಂಬುದಕ್ಕೆ ಮಾನಕ ಬ್ಯೂರೋದ ಪರೀಕ್ಷೆ ಇದೆ. ಬುಡ ಸ್ವಚ್ಛವಿಲ್ಲದೆ ಮೇಲಿನದು ನಿಲ್ಲದು ಎಂಬುದು ನಮ್ಮ ಅಜ್ಜಿ, ಅವ್ವಂದಿರ ಕೈಗೇ ಗೊತ್ತಿದ್ದ ವಿದ್ಯೆ.

ತೊಡಕು ಇರುವುದು ಇಲ್ಲಿ. ತೆಗೆದ ಹೊಳಪು, ತುಂಬಿದ ಹೊಳಪು, ಮುಚ್ಚಿದ ಹೊಳಪು, ಮೂರೂ ಕೊಳ್ಳುವವನ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಅವನಿಗೆ ಕಾಣುವುದು ಕನ್ನಡಿಯಂಥ ಬಾನೆಟ್, ಅದರೊಳಗೆ ತನ್ನದೇ ಮುಖ.

ಹಾಗಾದರೆ ಒಪ್ಪ ಮಾಡುವುದೇ ಸುಳ್ಳೇ? ಹಾಗೆಂದರೆ ಬದುಕುವುದು ಕಷ್ಟ. ಕನ್ಯೆ ನೋಡಲು ಹೋಗುವ ಹುಡುಗ ಇಸ್ತ್ರಿ ಅಂಗಿ ಹಾಕಿಕೊಳ್ಳುತ್ತಾನೆ. ತಪಾಸಣೆಗೆ ಅಧಿಕಾರಿಗಳು ಬರುತ್ತಾರೆಂದರೆ ಶಾಲೆಯ ಗೋಡೆಗೆ ಸುಣ್ಣ ಬೀಳುತ್ತದೆ, ಮಕ್ಕಳ ತಲೆಗೆ ಎಣ್ಣೆ ಬೀಳುತ್ತದೆ. ಇದನ್ನು ಯಾರೂ ಮೋಸ ಎನ್ನುವುದಿಲ್ಲ. ಯಾಕೆಂದರೆ ನೋಡುವವರಿಗೂ ಗೊತ್ತು, ಇದು ಬಂದವರಿಗೆ ಕೊಡುವ ಮರ್ಯಾದೆ ಎಂದು. ಅದೇ ದಿನ ಬಾರದ ಮಕ್ಕಳನ್ನು ಹಾಜರಿ ಪುಸ್ತಕದಲ್ಲಿ ಬಂದವರೆಂದು ತೋರಿಸಿದರೆ ಮಾತು ಬೇರೆಯಾಗುತ್ತದೆ. ಅಧಿಕಾರಿ ನಿರ್ಧಾರ ಮಾಡುವುದು ಗೋಡೆಯ ಬಿಳುಪಿನ ಮೇಲಲ್ಲ, ಹಾಜರಿಯ ಮೇಲೆ. ಗೆರೆ ಇರುವುದು ಅಲ್ಲಿ ಎಂದು ನನಗೆ ತೋರುತ್ತದೆ: ಎದುರಿನವರು ಯಾವುದನ್ನು ನಂಬಿ ಹೆಜ್ಜೆ ಇಡುತ್ತಾರೋ ಅದನ್ನೇ ನಾವು ತಿರುಚಿದ್ದರೆ, ಬಾಯಿ ಮುಚ್ಚಿಕೊಂಡಿದ್ದರೂ ಸುಳ್ಳು ಹೇಳಿದಂತೆಯೇ.

ನನ್ನ ಕಾರಿನ ವಿಷಯದಲ್ಲಿ ಈ ಗೆರೆ ಹೀಗೆ ಎದುರಾಯಿತು. ಹಿಂದೊಮ್ಮೆ ಏರಿನ ರಸ್ತೆಯಲ್ಲಿ ಮುಂದಿದ್ದ ಕಬ್ಬಿನ ಟ್ರೇಲರ್ ಹಿಮ್ಮುಖವಾಗಿ ಜಾರಿ ಬಂದು ಕಾರಿನ ಎಡಮೂಲೆಗೆ ಬಡಿದಿತ್ತು. ಬಾನೆಟ್ಟಿಗೆ ಮತ್ತೆ ಬಣ್ಣ ಹೊಡೆಸಿದ್ದಾಯಿತು, ಎಡ ಮಡ್‌ಗಾರ್ಡಿಗೆ ಪುಟ್ಟಿ ತುಂಬಿಸಿದ್ದಾಯಿತು, ಒಳಗಿನ ತಗಡನ್ನೂ ಬಡಿದು ನೆಟ್ಟಗೆ ಮಾಡಿದ್ದರು. ಆಮೇಲೆ ವರ್ಷಗಟ್ಟಲೆ ತೊಂದರೆ ಕೊಡದೆ ಓಡಿತು. ಆದರೆ ಹಳೆಯ ಬಣ್ಣ ಮಂಕಾಗಿ, ಆಮೇಲೆ ಹೊಡೆಸಿದ ಬಣ್ಣ ಹೊಳಪು ಉಳಿಸಿಕೊಂಡು, ಎರಡೂ ಬೇರೆ ಬೇರೆ ಎಂದು ಕಾಣುತ್ತಿತ್ತು. ಎರಡು ಐತವಾರದ ಪಾಲಿಶ್ ಆದ ಮೇಲೆ ಆ ವ್ಯತ್ಯಾಸ ಹೋಯಿತು. ನಾನು ಪ್ರಾಮಾಣಿಕವಾಗಿ ಕೊಳೆ ತೆಗೆದದ್ದೇ ಹಳೆಯ ಪೆಟ್ಟನ್ನು ಮರೆಮಾಡಿತು. ಮುಚ್ಚಬೇಕೆಂದು ಮುಚ್ಚದಿದ್ದರೂ ಮುಚ್ಚಿಹೋಗುತ್ತದೆ ಎಂಬುದನ್ನು ಆಗ ಕಂಡೆ.

ಕೊಳ್ಳಲು ಬಂದವನು ಹತ್ತು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಕೂತಿದ್ದ ಹುಡುಗ. ಈಗ ಬಾಡಿಗೆ ಗಾಡಿ ಓಡಿಸುವ ಯೋಚನೆ ಅವನದು. ಅದಕ್ಕೆಂದು ಅವನ ಅವ್ವ ತನ್ನ ಬೋರಮಾಳ ಒತ್ತೆ ಇಟ್ಟಿದ್ದಳು. ಅವನು ಕಾರಿನ ಸುತ್ತ ಒಂದು ಸುತ್ತು ಬಂದ, ಬಾಗಿಲನ್ನೂ ತೆರೆಯಲಿಲ್ಲ. "ಸರ, ನಿಮ್ಮ ಗಾಡಿ ಅಂದಮ್ಯಾಲೆ ಮತ್ತೇನ್ ನೋಡೂದೈತ್ರಿ" ಎಂದು ಮುಂಗಡದ ದುಡ್ಡು ತೆಗೆದ. ಸಂಜೆ ವಿಚಾರ ಮಾಡಿ ಹೇಳುತ್ತೇನೆಂದು ಅವನನ್ನು ಕಳಿಸಿದೆ.

ಮನೆಯಲ್ಲಿ ಮಾತಾಯಿತು. "ಅವ ಕೇಳೇ ಇಲ್ಲ. ಕೇಳಿದ್ರ ಹೇಳ್ರಿ. ತಾವಾಗೇ ಹೇಳಿ ರೊಕ್ಕಾ ಯಾಕ ಕಳಕೋತೀರಿ? ಮಗಳ ಫೀಜು ತುಂಬೂದೈತಿ" ಎಂದಳು ನನ್ನ ಹೆಂಡತಿ. ಇದು ದುರಾಸೆಯ ಮಾತಲ್ಲ, ಮನೆ ನಡೆಸುವವರ ಮಾತು. ಸಂತೆಯಲ್ಲಿ ಎತ್ತು ಕೊಳ್ಳುವವನು ತಾನೇ ಹಲ್ಲು ನೋಡಬೇಕು, ಮಾರುವವನು ಬಾಯಿ ತೆರೆದು ತೋರಿಸಬೇಕೆಂದೇನಿಲ್ಲ. ಗುರುತಿಲ್ಲದವನು ಮೆಕ್ಯಾನಿಕ್ಕನನ್ನು ಕರೆದುಕೊಂಡು ಬಂದಿದ್ದರೆ ಅವಳ ಮಾತಿಗೆ ಇನ್ನಷ್ಟು ತೂಕ ಇರುತ್ತಿತ್ತು. ಆದರೆ ಈ ಹುಡುಗ ನೋಡಲಿಲ್ಲ. ನೋಡುವ ಕೆಲಸವನ್ನೇ ನನ್ನ ಮೇಲೆ ಬಿಟ್ಟುಬಿಟ್ಟ. ಅವನು ನಂಬಿದ್ದು ಬಾನೆಟ್ಟಿನ ಹೊಳಪನ್ನೂ ಅಲ್ಲ. ಮಾಸ್ತರ ಎಂಬ ಹೆಸರಿಗೆ ವರ್ಷಾನುವರ್ಷ ತಿಕ್ಕಿ ಬಂದ ಹೊಳಪೊಂದು ಇರುತ್ತದಲ್ಲ, ಅದನ್ನು. ವ್ಯಾಕ್ಸಿಗಿಂತ ಚೆನ್ನಾಗಿ ಗೀರು ಮುಚ್ಚುವುದು ಅದು. ಯಾರ ಮೇಲೆ ಹೆಚ್ಚು ನಂಬಿಕೆಯೋ ಅವರ ಮೌನ ಹೆಚ್ಚು ಮೋಸ ಮಾಡಬಲ್ಲದು.

ಅಂಬಲಟ್ಠಿಕದಲ್ಲಿ ಬುದ್ಧರು ರಾಹುಲನಿಗೆ ಹೇಳಿದ ಉಪದೇಶ, ಮಜ್ಝಿಮ ನಿಕಾಯದ 61ನೆಯ ಸುತ್ತ, ಶುರುವಾಗುವುದೇ ಸುಳ್ಳಿನ ಮಾತಿನಿಂದ. ಕಾಲು ತೊಳೆದು ಪಾತ್ರೆಯಲ್ಲಿ ಉಳಿದ ಚೂರು ನೀರು ತೋರಿಸಿ, ಅದನ್ನು ಚೆಲ್ಲಿ, ಪಾತ್ರೆ ಬೋರಲು ಹಾಕಿ, ತಿಳಿದೂ ತಿಳಿದೂ ಸುಳ್ಳಾಡಲು ನಾಚದವನ ಸಾಧನೆ ಇಂಥದ್ದು ಎಂದು ತೋರಿಸುತ್ತಾರೆ. ಆಮೇಲೆ ಕೇಳುತ್ತಾರೆ, ಕನ್ನಡಿ ಇರುವುದು ಯಾತಕ್ಕೆ ಎಂದು. ನೋಡಿಕೊಳ್ಳಲು ಎನ್ನುತ್ತಾನೆ ರಾಹುಲ. ಹಾಗೆಯೇ ಮೈ, ಮಾತು, ಮನಸ್ಸಿನ ಪ್ರತಿ ಕೆಲಸವನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೊಳ್ಳಬೇಕು. ಇದರಿಂದ ನನಗೆ, ಪರರಿಗೆ, ಇಬ್ಬರಿಗೂ ಕೇಡಾಗುತ್ತದೆಯೇ ಎಂದು ಕೇಳಿಕೊಳ್ಳಬೇಕು ಎಂಬುದು ಅಲ್ಲಿನ ಸಾರ. ಸುಳ್ಳಿನ ಪಾಠದ ಜೊತೆಗೇ ಕನ್ನಡಿಯ ಪಾಠ ಬಂದದ್ದು ಸುಮ್ಮನೆ ಅಲ್ಲ. ಕಾರನ್ನು ಕನ್ನಡಿಯಂತೆ ಮಾಡಿದವನು ಅದರಲ್ಲಿ ಮೊದಲು ತನ್ನ ಮುಖ ನೋಡಿಕೊಳ್ಳಬೇಕಾಗುತ್ತದೆ.

ಸಂಜೆ ಹುಡುಗನಿಗೆ ಎಲ್ಲ ಹೇಳಿದೆ. ಒಂದು ಸಣ್ಣ ಆಯಸ್ಕಾಂತಕ್ಕೆ ಕಾಗದ ಸುತ್ತಿ ಬಲ ಮಡ್‌ಗಾರ್ಡಿಗೆ ಹಚ್ಚಿದೆ, ಕಚ್ಚಿ ನಿಂತಿತು. ಎಡಗಡೆ ಪುಟ್ಟಿ ಇದ್ದಲ್ಲಿ ಹಚ್ಚಿದೆ, ಜಾರಿ ಬಿತ್ತು. ಪಾಲಿಶಿನಿಂದ ಪದರ ತೆಳುವಾಗಿದೆ, ಇನ್ನು ಒರಟು ಕಾಂಪೌಂಡ್ ಹಾಕಬೇಡ ಎಂದೂ ಹೇಳಿದೆ. ನಿನ್ನ ಮೆಕ್ಯಾನಿಕ್ಕಿಗೆ ತೋರಿಸಿಕೊಂಡು ಬಾ ಎಂದು ಕೀಲಿ ಕೊಟ್ಟೆ. ಧಾರವಾಡಕ್ಕೆ ಹೋಗಿ ತೋರಿಸಿಕೊಂಡು ಬಂದ. ಮಾತಾಡಿದ್ದ ಬೆಲೆಯಲ್ಲಿ 15,000 ರೂಪಾಯಿ ಇಳಿಯಿತು. ಆ ದುಡ್ಡು ನಮಗೆ ಸಣ್ಣದಲ್ಲ. ಮಗಳ ಫೀಜಿನ ಎರಡನೆಯ ಕಂತು ಇನ್ನೂ ಕಟ್ಟಬೇಕಾಗಿದೆ. ಸತ್ಯ ಹೇಳಿದರೆ ಲಾಭವಾಗುತ್ತದೆ ಎಂದು ನಾನು ಯಾರಿಗೂ ಹೇಳಲಾರೆ.

ದುಡ್ಡು ಎಣಿಸುವಾಗ ಹುಡುಗ ಒಂದು ಮಾತು ಕೇಳಿದ: "ಹೇಳೂದಿತ್ತಂದ್ರ ಎರಡು ಐತವಾರ ಯಾಕ ತಿಕ್ಕಿದ್ರಿ ಸರ?" ನಮ್ಮ ಹಿರಿಯರ ಪ್ರಶ್ನೆಯ ಇನ್ನೊಂದು ಮಗ್ಗುಲು ಅದು. ಹೊಳಪಿನಿಂದ ಬೆಲೆ ಬರದಿದ್ದರೆ ಹೊಳಪು ಯಾತಕ್ಕೆ? ಹೇಗೂ ಎಲ್ಲ ಅನಿತ್ಯ, ಬಣ್ಣವೂ ಹೋಗುವುದೇ, ಸುಮ್ಮನೆ ಬಿಟ್ಟರಾಯಿತಲ್ಲ?

ಇದಕ್ಕೆ ವಿನಯ ಪಿಟಕದ ಚುಳ್ಳವಗ್ಗದಲ್ಲಿ ಆನಂದನ ಉತ್ತರ ಇದೆ. ಕೋಸಂಬಿಯಲ್ಲಿ ಉದೇನ ರಾಜನ ರಾಣಿಯರು ಆನಂದನಿಗೆ 500 ಚೀವರ ದಾನ ಕೊಟ್ಟರು. ಇಷ್ಟೊಂದು ಬಟ್ಟೆ ಇಟ್ಟುಕೊಂಡು ಏನು ಮಾಡುತ್ತೀರಿ, ಅಂಗಡಿ ಇಡುತ್ತೀರೇನು ಎಂಬಂಥ ಅನುಮಾನ ರಾಜನಿಗೆ. ಚೀವರ ಹರಿದ ಭಿಕ್ಷುಗಳಿಗೆ ಹಂಚುತ್ತೇವೆ ಎಂದ ಆನಂದ. ಅವರ ಹಳೆಯವು? ಮೇಲುಹೊದಿಕೆಯಾಗುತ್ತವೆ. ಹಳೆಯ ಹೊದಿಕೆ? ಹಾಸಿಗೆಯ ಗವಸು. ಹಳೆಯ ಗವಸು ನೆಲಹಾಸು, ಹಳೆಯ ನೆಲಹಾಸು ಕಾಲೊರಸು, ಅದೂ ಹಳೆಯದಾದರೆ ಧೂಳು ಒರೆಸುವ ಬಟ್ಟೆ. ಅದು ಪೂರ್ತಿ ಚಿಂದಿಯಾದ ಮೇಲೆ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ. ರಾಜ ಸಂತೋಷಪಟ್ಟು ಇನ್ನೂ 500 ಕೊಟ್ಟನಂತೆ. ಹೊಲಿದು ಉಳಿದ ಚೂರುಗಳಿಂದ ಕೌದಿ ಮಾಡುವ ನಮ್ಮ ಹೆಣ್ಣುಮಕ್ಕಳಿಗೆ ಈ ಲೆಕ್ಕ ಚೆನ್ನಾಗಿ ತಿಳಿಯುತ್ತದೆ. ಎಲ್ಲವೂ ಸವೆಯುತ್ತದೆ ಎಂದು ಬಲ್ಲವನು ವಸ್ತುವನ್ನು ಬಿಸಾಡುವುದಿಲ್ಲ. ಸವೆಯುವ ಪ್ರತಿ ಹಂತದಲ್ಲೂ ಅದು ಯಾರಿಗಾದರೂ ಉಪಯೋಗವಾಗಲಿ ಎಂದು ನೋಡುತ್ತಾನೆ.

ನಾನು ಹುಡುಗನಿಗೆ ಇಷ್ಟು ಉದ್ದ ಹೇಳಲಿಲ್ಲ. "ನೀ ಇದನ್ನ ನಾಕು ವರ್ಷ ಓಡಸಬೇಕಲ್ಲೋ, ಅದಕ್ಕ" ಎಂದೆ. ಹಿಕ್ಕೆಯ ಕಲೆ, ಅಂಟಿದ ಕೊಳೆ ಹೋಗಿ ಮೇಲೆ ವ್ಯಾಕ್ಸ್ ಕೂತಿದ್ದರೆ ಉಳಿದ ಪದರ ಇನ್ನಷ್ಟು ದಿನ ಬಿಸಿಲು ತಾಳುತ್ತದೆ. ನನ್ನ ಕೈಯಿಂದ ಹೋಗುವ ವಸ್ತು ಇನ್ನೊಬ್ಬರ ಕೈಗೆ ಒಪ್ಪವಾಗಿ ಹೋಗಲಿ ಎಂಬುದು ಬೇರೆ, ಒಪ್ಪದ ಹಿಂದೆ ಅವಿತುಕೊಳ್ಳುವುದು ಬೇರೆ. ಮಾಡುವ ಕೆಲಸ ಎರಡರಲ್ಲೂ ಅದೇ: ಅದೇ ಬಟ್ಟೆ, ಅದೇ ಪಾಲಿಶ್, ಅದೇ ಬೆವರು. ಬೇರೆ ಮಾಡುವುದು ಚೇತನ, ಅಂದರೆ ಮನಸ್ಸಿನ ಉದ್ದೇಶ. ಚೇತನವೇ ಕರ್ಮ ಎಂದು ನಾವು ಓದಿದ್ದು ಇಂಥ ಕಡೆ ಕೈಗೆ ತಾಗುತ್ತದೆ.

ಇನ್ನೊಂದು ಮಾತು. ಎಲ್ಲ ಮಂಕನ್ನೂ ತಿಕ್ಕಿ ತೆಗೆಯಲಾಗುವುದಿಲ್ಲ. ಕ್ಲಿಯರ್ ಕೋಟ್ ಸಿಪ್ಪೆಯಂತೆ ಏಳತೊಡಗಿದರೆ ಯಾವ ಪಾಲಿಶೂ ಕೆಲಸಕ್ಕೆ ಬರದು. ತಿಕ್ಕಿದಷ್ಟೂ ಇನ್ನಷ್ಟು ಏಳುತ್ತದೆ. ಆಗ ಹೊಸ ಬಣ್ಣ ಹೊಡೆಸಬೇಕು, ಇಲ್ಲವೇ ಹಾಗೆಯೇ ಒಪ್ಪಿಕೊಂಡು ಓಡಿಸಬೇಕು. ಹರಿದ, ಮಾಸಿದ ರಾಷ್ಟ್ರಧ್ವಜಕ್ಕೆ ಮತ್ತೆ ಬಣ್ಣ ಬಳಿದು ಹಾರಿಸುವುದಿಲ್ಲ. ಖಾಸಗಿಯಾಗಿ, ಗೌರವದಿಂದ, ಸಾಧ್ಯವಾದರೆ ಸುಟ್ಟು ಮುಗಿಸಬೇಕೆಂದು 2002ರ ಧ್ವಜ ಸಂಹಿತೆ ಹೇಳುತ್ತದೆ. ಮುಗಿದದ್ದನ್ನು ಮುಗಿಯಿತೆನ್ನುವುದೂ ಒಂದು ಸತ್ಯ.

ಆದ್ದರಿಂದ ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಪಾಲಿಶ್ ಸುಳ್ಳಲ್ಲ. ಅದರಿಂದ ಎದುರಿನವರ ಕಣ್ಣು ತಪ್ಪುತ್ತಿದೆ ಎಂದು ಗೊತ್ತಾದ ಮೇಲೂ ಸುಮ್ಮನಿದ್ದರೆ ಸುಳ್ಳು. ತಪ್ಪಿಸಬೇಕೆಂದು ಮಾಡಿದೆವೋ, ತಾನಾಗಿ ತಪ್ಪಿತೋ ಎಂಬುದು ಮೊದಲ ಪ್ರಶ್ನೆ. ಗೊತ್ತಾದ ಮೇಲೆ ಏನು ಮಾಡಿದೆವು ಎಂಬುದು ಎರಡನೆಯದು, ಮತ್ತು ನಮ್ಮ ಕೈಯಲ್ಲಿರುವುದು ಅದೇ. ಒಪ್ಪದವರು ಈ ಐತವಾರ ಬಂದು ವಾದ ಮಾಡಲಿ, ಕೇಳೋಣ.

*ಇಂದಿನ ಅಭ್ಯಾಸ:* ಇವತ್ತು ನಿಮ್ಮನ್ನು ನಂಬಿ, ಪರೀಕ್ಷೆ ಮಾಡದೆ ಏನನ್ನಾದರೂ ಸ್ವೀಕರಿಸುವ ಒಬ್ಬರನ್ನು ಗುರುತಿಸಿ. ಅಂಗಡಿಯ ಗಿರಾಕಿ ಇರಬಹುದು, ರೋಗಿ ಇರಬಹುದು, ವಿದ್ಯಾರ್ಥಿ ಇರಬಹುದು, ಮನೆಯವರೇ ಇರಬಹುದು. ಅವರು ನೋಡದೆ ಬಿಟ್ಟದ್ದನ್ನು ಅವರ ಪರವಾಗಿ ನೀವು ಒಮ್ಮೆ ನೋಡಿ. ಹೇಳಬೇಕಾದದ್ದು ಕಂಡರೆ ಹೇಳಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು. 🙏